ಕಡ್ಡಿಪುಡಿ ಹಾಕದವನ ಕಂದು ಹಲ್ಲು: ಒಂದು ಪ್ರಕರಣ

ಹೆಸರು, ಊರು, ಅಂಗಡಿ ಯಾವುದೂ ಇಲ್ಲಿ ನಿಜವಲ್ಲ, ಇಲ್ಲವೇ ಬಿಟ್ಟಿದ್ದೇನೆ. ಬರೆಯೋದಕ್ಕೆ ಅವನ ಒಪ್ಪಿಗೆ ಇದೆ. "ನನ್ ಹೆಸ್ರು ಬೇಡ ಮೇಡಂ, ಹಲ್ಲಿನ ಕಥೆ ಬೇಕಾದ್ರೆ ಬರ್ಕೊಳಿ" ಅಂದ. ಸೋಮು ಅಂತ ಕರೆಯೋಣ. ನನ್ನ ಮಗನ ವಯಸ್ಸಿನವನು, ಹಾಗಾಗಿ ಏಕವಚನ. ಮೈಸೂರಲ್ಲಿ ಹಲ್ಲಿನ ಡಾಕ್ಟರ್ ಆಗಿ ಬಹಳ ವರ್ಷ ಆಯಿತು. ಹಲ್ಲು ಬಿಳಿ ಮಾಡಿಕೊಡಿ ಅಂತ ಬರುವವರು ವಾರಕ್ಕೆ ಇಬ್ಬರಾದರೂ ಇರುತ್ತಾರೆ. ಇದನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ, ಇದರಲ್ಲಿ ನಾನು ಎರಡು ಕಡೆ ಎಡವಿದೆ.

ಬಂದಾಗ

2022ರ ಆಷಾಢ. ಸೋಮುಗೆ ಆಗ 27. ಮೈಸೂರಿನ ಒಂದು ಸೀರೆ ಅಂಗಡಿಯಲ್ಲಿ ಕೌಂಟರ್ ಕೆಲಸ. ಆಷಾಢದ ರಿಯಾಯಿತಿ ಮಾರಾಟ ಜೋರಾಗಿತ್ತು, ಹಾಗಾಗಿ ಮಧ್ಯಾಹ್ನ ಊಟದ ಹೊತ್ತಲ್ಲಿ ಓಡಿ ಬಂದಿದ್ದ. ಮೀಸೆ ದಪ್ಪ, ಮೇಲ್ತುಟಿ ಮುಚ್ಚುವಷ್ಟು ಉದ್ದ. ಮಾತಾಡುವಾಗ ಕೈ ತಾನಾಗೇ ಬಾಯಿ ಹತ್ತಿರ ಹೋಗುತ್ತಿತ್ತು.

"ಮಾಸ್ಕ್ ಇದ್ದ ಎರಡು ವರ್ಷ ಆರಾಮಾಗಿದ್ದೆ ಮೇಡಂ" ಅಂದ. ನಗುತ್ತಲೇ ಅಂದ, ಆದರೆ ತುಟಿ ತೆರೆಯದೆ.

ತೆರೆದಾಗ ಕಂಡಿದ್ದು ಇಷ್ಟು. ಮೇಲಿನ ಸಾಲಿನ ನಡುವಿನ ಎರಡು ದೊಡ್ಡ ಹಲ್ಲುಗಳ ಮೇಲೆ ಕಂದು ಪಟ್ಟೆ, ಎರಡರಲ್ಲೂ ಹೆಚ್ಚು ಕಡಿಮೆ ಒಂದೇ ಎತ್ತರದಲ್ಲಿ. ಉಳಿದ ಹಲ್ಲುಗಳ ಮೇಲೆ ಸೀಮೆಸುಣ್ಣ ಉಜ್ಜಿದ ಹಾಗೆ ಮಂಕು ಬಿಳಿ ಗೆರೆಗಳು. ಎಡಗಡೆಯ ಪಕ್ಕದ ಹಲ್ಲು ಸ್ವಲ್ಪ ಬೂದು. ವಸಡಿನ ಅಂಚಲ್ಲಿ ಟೀ ಕಲೆ, ಒಂದಿಷ್ಟು ಪಾಚಿ. ದವಡೆಯಲ್ಲಿ ಎರಡು ಸಣ್ಣ ಹುಳುಕು.

ಊರು ಯಾವುದು ಅಂದೆ. ನಾಗಮಂಗಲದ ಕಡೆ ಅಂದ.

ಮಂಡ್ಯ ಅಂದ ತಕ್ಷಣ ಜನರ ಕಣ್ಣಿಗೆ ಬರೋದು ನಾಲೆ, ಕಬ್ಬು, ಗದ್ದೆ. ಕೆಆರ್‌ಎಸ್ ನೀರು ಹರಿಯುವ ಕಡೆಗೆ ಅದು ಸರಿ. ನಾಗಮಂಗಲದ ಕಡೆ ಹೋದರೆ ಬೇರೆಯೇ ನೆಲ, ಹೆಚ್ಚು ಪಾಲು ಒಣಭೂಮಿ. ಅಲ್ಲಿ ಬಹಳ ಹಳ್ಳಿಗಳು ವರ್ಷಾನುಗಟ್ಟಲೆ ಬೋರ್‌ವೆಲ್ ನೀರನ್ನೇ ಕುಡಿದಿವೆ, ಕೆಲವು ಕಡೆ ಆ ನೀರಲ್ಲಿ ಫ್ಲೋರೈಡ್ ಜಾಸ್ತಿ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದಲ್ಲಿ ಲೀಟರಿಗೆ 1 ಮಿಲಿಗ್ರಾಂ ತನಕ ಸರಿ, ಬೇರೆ ನೀರೇ ಇಲ್ಲ ಅಂದರೆ 1.5ರ ತನಕ. ಸೋಮು ಕೈಯಲ್ಲಿ ಊರಿನ ಬೋರ್ ನೀರು ಒಂದು ಬಾಟಲಿ ತರಿಸಿ ಪರೀಕ್ಷೆಗೆ ಕೊಡಿಸಿದೆ. 2 ದಾಟಿತ್ತು.

ನೀರಿನ ವರದಿಗಿಂತ ಗಟ್ಟಿ ಸಾಕ್ಷಿ ಅವನ ಫೋನಲ್ಲೇ ಇತ್ತು. ತಂಗಿಯ ಮದುವೆ ಫೋಟೊ. ತಂಗಿಯ ಹಲ್ಲು ಬೆಳ್ಳಗೆ, ಒಂದು ಗೆರೆ ಇಲ್ಲ. ಅದೇ ತಾಯಿ, ಅದೇ ರಾಗಿಮುದ್ದೆ. "ಅವಳು ಅಜ್ಜಿ ಮನೇಲಿ ಬೆಳೆದಿದ್ದು ಮೇಡಂ, ಶ್ರೀರಂಗಪಟ್ಟಣದ ಹತ್ರ. ಅಲ್ಲಿ ಹೊಳೆ ನೀರು" ಅಂದ. ಎಷ್ಟೋ ಸಲ ಎಕ್ಸ್‌ರೇ ಹೇಳದ್ದನ್ನು ಇಂಥ ಒಂದು ಮಾತು ಹೇಳಿಬಿಡುತ್ತದೆ.

ಫ್ಲೋರೈಡ್ ಹಲ್ಲಿಗೆ ಹೊರಗಿನಿಂದ ಬಣ್ಣ ಬಳಿಯೋದಲ್ಲ. ಹಾಲುಹಲ್ಲು ಬಿದ್ದ ಮೇಲೆ ಬರುವ ದೊಡ್ಡ ಹಲ್ಲು ವಸಡಿನೊಳಗೆ ತಯಾರಾಗುವ ಕಾಲದಲ್ಲಿ, ಅಂದರೆ ಹುಟ್ಟಿದಾಗಿನಿಂದ ಸುಮಾರು 8 ವರ್ಷದ ತನಕ, ಹೆಚ್ಚು ಫ್ಲೋರೈಡ್ ಹೊಟ್ಟೆಗೆ ಹೋದರೆ ಎನಾಮಲ್, ಅಂದರೆ ಹಲ್ಲಿನ ಹೊರಪದರ, ಸರಿಯಾಗಿ ಗಟ್ಟಿಯಾಗುವುದಿಲ್ಲ. ಮೇಲ್ಪದರದ ಕೆಳಗೆ ಸಣ್ಣ ಸಣ್ಣ ತೂತು ಉಳಿಯುತ್ತವೆ. ಹಲ್ಲು ಹುಟ್ಟಿದಾಗ ಅದು ಮಂಕು ಬಿಳಿಯಾಗಿ ಕಾಣುತ್ತದೆ. ಆಮೇಲೆ ವರ್ಷಗಟ್ಟಲೆ ಟೀ, ಕಾಫಿ, ಸಾರು ಆ ತೂತಿಗೆ ಇಳಿದು ಕಂದಾಗುತ್ತದೆ. ಇದಕ್ಕೆ ಫ್ಲೋರೋಸಿಸ್ ಅನ್ನುತ್ತೇವೆ. ಎಡಕ್ಕೂ ಬಲಕ್ಕೂ ಜೋಡಿ ಹಲ್ಲುಗಳು ಒಂದೇ ಕಾಲಕ್ಕೆ ತಯಾರಾಗುವುದರಿಂದ ಕಲೆಯೂ ಎರಡೂ ಕಡೆ ಜೋಡಿಯಾಗಿ ಬರುತ್ತದೆ. ಸೋಮುಗೆ ಕನ್ನಡಿ ಕೊಟ್ಟು ಇದನ್ನೆಲ್ಲ ತೋರಿಸಿದೆ. "ನೋಡು, ಈ ಕಡೆ ಹೇಗಿದೆಯೋ ಆ ಕಡೆನೂ ಹಾಗೇ." ಈ ಮಾತು ನೆನಪಿಟ್ಟುಕೊಳ್ಳಿ, ಆಮೇಲೆ ಇದೇ ನನಗೆ ತಿರುಗಿಬಿತ್ತು.

ಅವನು ಮಾಡಿಕೊಂಡಿದ್ದು

ಬರುವ ಮೊದಲು ಅವನು ಸುಮ್ನೆ ಕೂತಿರಲಿಲ್ಲ. ಚಿಕ್ಕವನಿದ್ದಾಗ ಇದ್ದಿಲು, ಉಪ್ಪು. ದೊಡ್ಡವನಾದ ಮೇಲೆ ಯಾವುದೋ ವಿಡಿಯೊ ನೋಡಿ ಅಡುಗೆ ಸೋಡಾಗೆ ನಿಂಬೆರಸ ಹಿಂಡಿ ಬ್ರಷ್‌ನಲ್ಲಿ ಉಜ್ಜುವುದು, ಅದೂ ನಾಲ್ಕು ತಿಂಗಳು ದಿನಾ. ನಿಂಬೆಯ ಹುಳಿ ಎನಾಮಲ್ಲನ್ನು ಮೆತ್ತಗೆ ಮಾಡುತ್ತದೆ, ಮೆತ್ತಗಾದದ್ದನ್ನು ಬ್ರಷ್ ತೆಗೆದುಕೊಂಡು ಹೋಗುತ್ತದೆ. ಉಜ್ಜಿದ ದಿನ ಹೊಳಪು ಕಾಣುತ್ತದೆ, ಕಲೆ ಇದ್ದಲ್ಲೇ ಇರುತ್ತದೆ. ಹೋದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಅವನಿಗೆ ಉಳಿದಿದ್ದು ತಣ್ಣೀರು ಕುಡಿದರೆ ಜುಮ್ ಅನ್ನುವ ಹಲ್ಲು.

ಒಂದು ಕ್ಲಿನಿಕ್‌ನಲ್ಲಿ ಎರಡು ಸಲ ಕ್ಲೀನಿಂಗ್ ಮಾಡಿಸಿದ್ದ. ಕ್ಲೀನಿಂಗ್ ತೆಗೆಯೋದು ಹಲ್ಲಿನ ಮೇಲೆ ಕೂತ ಪಾಚಿ, ಟೀ ಕಲೆ, ಅಡಿಕೆ ಕಲೆ. ಒಳಗಿನ ಬಣ್ಣಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಹಾಗಾಗಿ ಫಲ ಸಿಗಲಿಲ್ಲ. ಆಮೇಲೆ ಅಲ್ಲೇ ಮುಂದಿನ ಆರು ಹಲ್ಲಿಗೂ ಕ್ಯಾಪ್ ಹಾಕಿಸಿಕೊಳ್ಳಲು ಹೇಳಿದ್ದರು. ಅವನ ಎರಡು ತಿಂಗಳ ಸಂಬಳಕ್ಕಿಂತ ಜಾಸ್ತಿ ಖರ್ಚು. ಅಡ್ವಾನ್ಸ್ ಕೊಡೋಕೆ ಒಬ್ಬ ಗೆಳೆಯನ ಹತ್ತಿರ ಸಾಲ ಕೇಳಿಯೂ ಆಗಿತ್ತು.

ಕ್ಯಾಪ್ ಅಂದರೆ ಹಲ್ಲನ್ನು ಸುತ್ತಲೂ ತೇಯಬೇಕು. ಜಾಗ ಮತ್ತು ವಸ್ತು ನೋಡಿ ಒಂದು ಮಿಲಿಮೀಟರ್, ಒಂದೂವರೆ, ಕೆಲವು ಕಡೆ ಇನ್ನೂ ಜಾಸ್ತಿ. ಮುಂದಿನ ಹಲ್ಲಿನ ಎನಾಮಲ್ಲೇ ಹೆಚ್ಚು ಕಡಿಮೆ ಅಷ್ಟು ದಪ್ಪ. ಒಮ್ಮೆ ತೇಯ್ದರೆ ಮುಗಿಯಿತು, ಆ ಹಲ್ಲು ಜೀವನಪೂರ್ತಿ ಕ್ಯಾಪಿನದ್ದೇ. ಕ್ಯಾಪ್ ಮಾತ್ರ ಜೀವನಪೂರ್ತಿ ಬರುವುದಿಲ್ಲ, ಬದಲಿಸಬೇಕಾಗುತ್ತದೆ. ಫ್ಲೋರೋಸಿಸ್ ತೀರಾ ಜೋರಾಗಿ ಎನಾಮಲ್ ಗುಳಿ ಬಿದ್ದು ಉದುರುತ್ತಿದ್ದರೆ ನಾನೂ ವೆನೀರ್ (ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಹೊದಿಕೆ) ಅಥವಾ ಕ್ಯಾಪ್ ಅನ್ನುತ್ತೇನೆ. ಸೋಮುವಿನದು ಮಧ್ಯಮ. ಕಲೆ ಇತ್ತು, ಗುಳಿ ಇರಲಿಲ್ಲ. 27 ವರ್ಷದ ಗಟ್ಟಿ ಹಲ್ಲನ್ನು ಬಣ್ಣಕ್ಕೋಸ್ಕರ ತೇಯಲು ನನಗೆ ಮನಸ್ಸಾಗಲಿಲ್ಲ. ಸಾಲ ಬೇಡ ಅಂತ ಗೆಳೆಯನಿಗೆ ಹೇಳು ಅಂದೆ.

ಈ ಪ್ರಕರಣದ ಮೊದಲ ತೀರ್ಮಾನ ಅದು. ಅದರ ಬಗ್ಗೆ ಇವತ್ತಿಗೂ ನನಗೆ ಅನುಮಾನ ಇಲ್ಲ.

ಎರಡನೆಯದರಲ್ಲಿ ಇದೆ. ಎಷ್ಟು ಬೆಳ್ಳಗೆ ಬೇಕು ಅಂತ ಕೇಳಿದೆ. "ಸಿನಿಮಾದವರ ತರ ಮೇಡಂ" ಅಂದ. ನಾನು ನಕ್ಕು ಶೇಡ್ ಗೈಡ್ ತೆಗೆದೆ. ಎ1ರಿಂದ ಡಿ4ರ ತನಕ 16 ಹಲ್ಲಿನ ಮಾದರಿಗಳ ಪಟ್ಟಿ, ಬಣ್ಣ ಹೋಲಿಸೋದಕ್ಕೆ. ಎ ಸಾಲು ಕೆಂಪು ಮಿಶ್ರ ಕಂದು, ಬಿ ಹಳದಿ ಕಡೆಗೆ, ಸಿ ಬೂದು. ಒಂದೇ ಸಾಲಲ್ಲಿ ಅಂಕಿ ಚಿಕ್ಕದಾದಷ್ಟೂ ಬಣ್ಣ ತಿಳಿ. ಒಂದೊಂದೇ ಹಲ್ಲಿಗೆ ಹಿಡಿದು ಕಾರ್ಡಲ್ಲಿ ಬರೆದುಕೊಂಡೆ. ಎ3.5, ಎ3.5, ಎ3. ಎಡಗಡೆ ಪಕ್ಕದ ಹಲ್ಲಿಗೆ ಸಿ3. ಬರೆದೆ, ಮುಂದಕ್ಕೆ ಹೋದೆ.

ಮಾಡಿದ್ದು

ಮೊದಲ ಮೂರು ವಾರ ಬಿಳುಪಿನ ಕೆಲಸವನ್ನೇ ಮಾಡಲಿಲ್ಲ. ನಿಂಬೆ, ಸೋಡಾ ಬಂದ್. ಹುಳುಕು ತುಂಬಿಸಿದೆ, ಕ್ಲೀನಿಂಗ್ ಆಯಿತು, ಜುಮ್ ಕಡಿಮೆ ಮಾಡಲು ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟ್ ಕೊಟ್ಟೆ. ಅದರಲ್ಲಿ ಫ್ಲೋರೈಡ್ ಕೂಡ ಇತ್ತು. ಡಬ್ಬಿ ಓದಿ ಗಾಬರಿಯಾದ. "ಇದರಿಂದಲೇ ಅಲ್ವಾ ಮೇಡಂ ಹಿಂಗಾಗಿದ್ದು?" ತಪ್ಪು ಪ್ರಶ್ನೆಯಲ್ಲ. ಆದರೆ ಹಲ್ಲು ತಯಾರಾಗಿ ಮುಗಿದ ಮೇಲೆ ಫ್ಲೋರೈಡ್ ಹೊಸ ಕಲೆ ತರಲಾರದು. ಹಲ್ಲಿನ ಮೇಲೆ ಹಚ್ಚಿದಾಗ ಅದು ಹುಳುಕು ತಡೆಯುತ್ತದೆ. ಅಪಾಯ ಇರೋದು ಎಳೆ ಮಕ್ಕಳು ನುಂಗುವುದರಲ್ಲಿ.

ಒಂದೇ ಗಂಟೆಯಲ್ಲಿ ನೀಲಿ ಬೆಳಕು ಹಿಡಿದು ಬೆಳ್ಳಗೆ ಮಾಡುವ ಬ್ಲೀಚಿಂಗ್ ಯಾಕೆ ಬೇಡ ಅಂತಲೂ ಕೇಳಿದ. ಆ ಬ್ಲೀಚಿಂಗ್‌ನಲ್ಲಿ ಕೆಲಸ ಮಾಡೋದು ಹೈಡ್ರೋಜನ್ ಪೆರಾಕ್ಸೈಡ್ ಜೆಲ್, 25ರಿಂದ 40 ಶೇಕಡಾ. ಬೆಳಕಿನ ಪಾಲು ಕಡಿಮೆ. ಗಂಟೆಗಟ್ಟಲೆ ಬಾಯಿ ತೆರೆದಿಟ್ಟಾಗ ಹಲ್ಲು ಒಣಗುತ್ತದೆ, ಒಣಗಿದ ಹಲ್ಲು ಇದ್ದದ್ದಕ್ಕಿಂತ ಬೆಳ್ಳಗೆ ಕಾಣುತ್ತದೆ. ಎರಡು ಮೂರು ದಿನದಲ್ಲಿ ಉಗುಳು ನೆನೆಸಿ ಸ್ವಲ್ಪ ಹಿಂದಕ್ಕೆ ತರುತ್ತದೆ. ಮೊದಲೇ ಜುಮ್ ಅನ್ನುವ ಹಲ್ಲಿಗೆ ಅಷ್ಟು ಗಟ್ಟಿ ಜೆಲ್ ನಾನು ಹಾಕುವುದಿಲ್ಲ.

ಆಷಾಢ ಮುಗಿಯುವ ಹೊತ್ತಿಗೆ ಕಂದು ಪಟ್ಟೆಗೆ ಕೈ ಹಾಕಿದೆ. ಇದಕ್ಕೆ ಮೈಕ್ರೋಅಬ್ರೇಶನ್ ಅನ್ನುತ್ತೇವೆ. ಸುತ್ತಲಿನ ವಸಡು ತುಟಿಗೆ ತಾಗದ ಹಾಗೆ ರಬ್ಬರ್ ಹಾಳೆ ಕಟ್ಟಿ, ಕಣ್ಣಿಗೆ ಕನ್ನಡಕ ಹಾಕಿಸಿ, ಸುಮಾರು 6.6 ಶೇಕಡಾ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ನುಣ್ಣನೆ ಉಜ್ಜುಪುಡಿ ಸೇರಿದ ಪೇಸ್ಟನ್ನು ರಬ್ಬರ್ ಬಟ್ಟಲಿನಿಂದ ನಿಧಾನಕ್ಕೆ ತಿಕ್ಕುವುದು. ಒಂದು ಸುತ್ತು, ತೊಳೆಯುವುದು, ನೋಡುವುದು, ಮತ್ತೆ. ಹೋಗುವ ಎನಾಮಲ್ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಇದನ್ನು ಓದಿ ಮನೆಯಲ್ಲಿ ಆಸಿಡ್ ಹಚ್ಚಿಕೊಳ್ಳಬೇಡಿ ದಯವಿಟ್ಟು. ನಿಂಬೆಗೂ ಇದಕ್ಕೂ ಇರುವ ವ್ಯತ್ಯಾಸವೇ ಅದು: ಇಲ್ಲಿ ಎಷ್ಟು ಹೋಯಿತು, ಎಲ್ಲಿ ನಿಲ್ಲಿಸಬೇಕು ಅಂತ ಒಬ್ಬರು ನೋಡುತ್ತಾ ಇರುತ್ತಾರೆ.

ಎರಡು ಭೇಟಿಯಲ್ಲಿ ಐದೈದು ಸುತ್ತು. ಗಾಢ ಕಂದು ಹೋಗಿ ತೆಳು ಹಳದಿ ನೆರಳು ಉಳಿಯಿತು. ಎರಡನೇ ಭೇಟಿಗೆ ಅವನ ಅವ್ವ ಊರಿನಿಂದ ಬಂದಿದ್ದರು. ಮಗನ ಬಾಯಿ ನೋಡಿ ಸೆರಗಿನಿಂದ ಕಣ್ಣು ಒರೆಸಿಕೊಂಡರು.

"ಕಡ್ಡಿಪುಡಿ ಬಣ್ಣ ಹೋಯ್ತು ಕನವ್ವ" ಅಂದರು.

ಅವನು ಕಡ್ಡಿಪುಡಿ ಹಾಕುತ್ತಿದ್ದನಾ ಅಂತ ನಾನು ಕೇಳಿಬಿಟ್ಟೆ. ಅವರ ಮುಖ ಕೆಂಪಾಯಿತು. "ಅಯ್ಯೋ, ನನ್ ಮಗ ಎಲೆ ಅಡ್ಕೆನೂ ಮುಟ್ದೋನಲ್ಲ. ಎರಡು ಕಡೆ ಹೆಣ್ಣು ನೋಡಿ ಬಂದ್ವಿ. ಎರಡು ಕಡೆಯಿಂದ್ಲೂ ಬ್ರೋಕರ್ ಹತ್ರ ಹೇಳ್ ಕಳ್ಸಿದ್ರು, ಹುಡುಗ ಕಡ್ಡಿಪುಡಿ ಹಾಕ್ತಾನೆ, ನಮಗೆ ಬೇಡ ಅಂತ. ಅಂಗ್ಡೀಲೂ ಅಂಗೇ ಅಂತಾರಂತೆ. ನಮ್ಮೂರ್ಗೆ ಬಂದ್ ನೋಡಿ, ಎಲ್ಲಾರ ಹಲ್ಲೂ ಹಿಂಗೇಯ."

ಸೋಮು ನೆಲ ನೋಡುತ್ತಿದ್ದ. ಮೂರು ಭೇಟಿ ಕಳೆದರೂ ನನಗೆ ಇದನ್ನು ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ. ಎಷ್ಟು ಬೆಳ್ಳಗೆ ಬೇಕು ಅಂತ ಕೇಳಿದ್ದೆ, ಯಾಕೆ ಬೇಕು ಅಂತಲ್ಲ. ಅವನಿಗೆ ಸಿನಿಮಾ ಬಿಳುಪು ಬೇಕಿರಲಿಲ್ಲ, ಕೈಯಲ್ಲಿ ಮುಟ್ಟದ ಚಟದ ಆರೋಪ ಹೋಗಬೇಕಿತ್ತು.

ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್‌ಗೆ 1901ರಲ್ಲಿ ಕೆಲಸಕ್ಕೆ ಹೋದ ಫ್ರೆಡರಿಕ್ ಮೆಕೇ ಅನ್ನುವ ಹಲ್ಲಿನ ಡಾಕ್ಟರ್ ಅಲ್ಲಿನ ಜನರ ಹಲ್ಲಲ್ಲಿ ಇದೇ ಕಂದು ಕಲೆ ನೋಡಿದ. ಊರವರು ಹಂದಿಮಾಂಸ ತಿಂದಿದ್ದಕ್ಕೆ, ಹಾಲು ಸರಿ ಇಲ್ಲದ್ದಕ್ಕೆ ಅಂತೆಲ್ಲ ಹೇಳುತ್ತಿದ್ದರಂತೆ. ನೀರಿನ ಫ್ಲೋರೈಡ್ ಅಂತ ಗೊತ್ತಾಗಿದ್ದು 1931ರಲ್ಲಿ, ಮೂವತ್ತು ವರ್ಷ ಆದ ಮೇಲೆ. ನಮ್ಮ ಪಕ್ಕದ ನೆಲ್ಲೂರಿನಿಂದ ಫ್ಲೋರೋಸಿಸ್ ವರದಿ ಬಂದಿದ್ದು 1937ರಲ್ಲಿ. ಇಷ್ಟು ವರ್ಷ ಕಳೆದರೂ ಮಂಡ್ಯದ ಬ್ರೋಕರ್ ಬಾಯಲ್ಲಿ ಅದು ಇನ್ನೂ ಕಡ್ಡಿಪುಡಿಯೇ.

ಎಡವಿದ್ದು

ಮೈಕ್ರೋಅಬ್ರೇಶನ್ ಆಗಿ ಎರಡು ವಾರ ಬಿಟ್ಟು ಮನೆಯ ಬ್ಲೀಚಿಂಗ್ ಶುರು ಮಾಡಿಸಿದೆ. ಹಲ್ಲಿನ ಅಚ್ಚು ತೆಗೆದು ತೆಳು ಟ್ರೇ ಮಾಡಿಸಿದೆ. ಅದರೊಳಗೆ 10 ಶೇಕಡಾ ಕಾರ್ಬಮೈಡ್ ಪೆರಾಕ್ಸೈಡ್ ಜೆಲ್ ಒಂದೊಂದು ಹನಿ, ರಾತ್ರಿ ಹಾಕಿ ಮಲಗುವುದು. ಅದು ಒಡೆದರೆ ಸುಮಾರು 3.5 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ, ಹಾಗಾಗಿ ಮೆತ್ತಗಿನ ಔಷಧಿ. ವಸಡಿನ ಗಾಯಕ್ಕೆ ಕೊಟ್ಟ ಇಂಥದ್ದೇ ಔಷಧಿ ಹಲ್ಲನ್ನೂ ಬೆಳ್ಳಗೆ ಮಾಡಿತು ಅಂತ 1960ರ ದಶಕದಲ್ಲಿ ಅಮೆರಿಕದಲ್ಲಿ ಒಬ್ಬ ಡಾಕ್ಟರ್ ಗಮನಿಸಿದ್ದು. 1989ರಲ್ಲಿ ಹೇವುಡ್ ಮತ್ತು ಹೈಮನ್ ಅದನ್ನು ಪದ್ಧತಿಯಾಗಿ ಬರೆದರು. ಮೂರು ವಾರ, ಅಗತ್ಯ ಬಿದ್ದರೆ ಇನ್ನೂ ಸ್ವಲ್ಪ ದಿನ. ಜೆಲ್ ಕಾಳಿಗಿಂತ ಜಾಸ್ತಿ ಬೇಡ, ವಸಡಿಗೆ ಉಕ್ಕಿದರೆ ಒರೆಸು, ಟ್ರೇ ತೆಗೆದ ತಕ್ಷಣ ಕಡು ಟೀ ಬೇಡ ಅಂತೆಲ್ಲ ಹೇಳಿ ಕಳಿಸಿದೆ. ಒಂದು ಮಾತು ಮಾತ್ರ ಹೇಳಲಿಲ್ಲ.

ಐದನೇ ದಿನ ಬೆಳಗ್ಗೆ ಫೋನ್. ದನಿ ನಡುಗುತ್ತಿತ್ತು.

"ಮೇಡಂ, ಹಲ್ಲಿಗೆ ಸುಣ್ಣ ಚುಕ್ಕಿ ಇಟ್ಟಂಗೆ ಆಗಿದೆ. ಮೊದಲಿಗಿಂತ ಕೆಟ್ಟದಾಗಿ ಕಾಣ್ತಿದೆ."

ಇದು ಆಗುತ್ತದೆ ಅಂತ ನನಗೆ ಗೊತ್ತಿತ್ತು. ಬ್ಲೀಚಿಂಗ್ ಶುರುವಾದಾಗ ಫ್ಲೋರೋಸಿಸ್‌ನ ಬಿಳಿ ಗೆರೆಗಳು ಇನ್ನೂ ಬೆಳ್ಳಗೆ ಎದ್ದು ಕಾಣುತ್ತವೆ. ದಿನ ಕಳೆದ ಹಾಗೆ ಸುತ್ತಲಿನ ಹಲ್ಲೂ ತಿಳಿಯಾಗಿ ಗೆರೆ ಅದರಲ್ಲಿ ಬೆರೆಯುತ್ತದೆ. ಬ್ಲೀಚಿಂಗ್ ಬಿಳಿ ಗೆರೆಯನ್ನು ತೆಗೆಯುವುದಿಲ್ಲ, ಹಿನ್ನೆಲೆಯನ್ನು ಅದರ ಹತ್ತಿರಕ್ಕೆ ತರುತ್ತದೆ. ಇಷ್ಟನ್ನು ಮೊದಲೇ ಎರಡು ವಾಕ್ಯದಲ್ಲಿ ಹೇಳಬಹುದಿತ್ತು. ಹೇಳದೇ ಇದ್ದದ್ದಕ್ಕೆ ಅವನು ಎರಡು ದಿನ ಅಂಗಡಿಗೆ ರಜೆ ಹಾಕಿ ಕೂತಿದ್ದ. ಮಾರಾಟದ ಸಮಯದಲ್ಲಿ ರಜೆ ಅಂದರೆ ಸಂಬಳ ಕಟ್. ಈಗ ಫ್ಲೋರೋಸಿಸ್ ಇರುವ ಯಾರಿಗೇ ಟ್ರೇ ಕೊಟ್ಟರೂ ಮೊದಲ ವಾರ ಕನ್ನಡಿ ನೋಡಿ ಬೈಕೋತೀರಾ ಅಂತ ಹೇಳಿಯೇ ಕೊಡುತ್ತೇನೆ.

ಜುಮ್ ಕೂಡ ಶುರುವಾಗಿತ್ತು. ದಿನಾ ಬೇಡ, ಒಂದು ರಾತ್ರಿ ಬಿಟ್ಟು ಒಂದು ರಾತ್ರಿ ಅಂದೆ. ಬಿಟ್ಟ ರಾತ್ರಿ ಟ್ರೇ ಒಳಗೆ ಜುಮ್ ಪೇಸ್ಟನ್ನೇ ಅರ್ಧ ಗಂಟೆ ಹಾಕಿಕೊಂಡ. ಅದು ಕೆಲಸ ಮಾಡಿತು.

ಎರಡನೇ ಪೆಟ್ಟು ದೊಡ್ಡದು. ಮೂರನೇ ವಾರ ಬಂದಾಗ ಹಲ್ಲೆಲ್ಲ ಒಳ್ಳೆಯದಾಗಿ ತಿಳಿಯಾಗಿತ್ತು, ಸುಣ್ಣದ ಚುಕ್ಕಿಗಳು ಮುಕ್ಕಾಲು ಪಾಲು ಬೆರೆತಿದ್ದವು. ಎಡಗಡೆಯ ಪಕ್ಕದ ಹಲ್ಲು ಮಾತ್ರ ಬೂದಾಗೇ ಕೂತಿತ್ತು. ಸುತ್ತ ಬೆಳ್ಳಗಾದ ಮೇಲೆ ಅದು ಇನ್ನೂ ಎದ್ದು ಕಾಣುತ್ತಿತ್ತು, ಮಲ್ಲಿಗೆ ದಂಡೆಯಲ್ಲಿ ಒಂದು ಬಾಡಿದ ಮೊಗ್ಗು ಸಿಕ್ಕಿಕೊಂಡ ಹಾಗೆ.

ಕಾರ್ಡ್ ತೆಗೆದು ನೋಡಿದೆ. ಎಲ್ಲಕ್ಕೂ ಎ, ಅದೊಂದಕ್ಕೆ ಸಿ. ನನ್ನದೇ ಕೈಬರಹ. ಫ್ಲೋರೋಸಿಸ್ ಜೋಡಿಯಾಗಿ ಬರುತ್ತದೆ ಅಂತ ಅವನಿಗೆ ಕನ್ನಡಿ ಹಿಡಿದು ಪಾಠ ಮಾಡಿದ್ದೆ. ಬೂದು ಹಲ್ಲಿಗೆ ಬಲಗಡೆ ಜೋಡಿ ಇರಲಿಲ್ಲ. ಅದನ್ನು ನಾನೇ ನೋಡಿರಲಿಲ್ಲ. ಊರು ನಾಗಮಂಗಲ ಅಂತ ಕೇಳಿದ ಕ್ಷಣ ನನ್ನ ತಲೆಯಲ್ಲಿ ಒಂದೇ ಕಾರಣ ಕೂತುಬಿಟ್ಟಿತು, ಬಾಯೊಳಗಿನ ಎಲ್ಲ ಬಣ್ಣವನ್ನೂ ಅದರ ಲೆಕ್ಕಕ್ಕೆ ಬರೆದೆ. ಬ್ರೋಕರ್ ಮಾಡಿದ್ದೂ ಇದನ್ನೇ ಅಲ್ವಾ? ಅವನು ಕಡ್ಡಿಪುಡಿ ಅಂದ, ನಾನು ಫ್ಲೋರೈಡ್ ಅಂದೆ.

ತಣ್ಣನೆಯ ಹತ್ತಿ ಮುಟ್ಟಿಸಿದೆ. ಪಕ್ಕದ ಹಲ್ಲುಗಳಲ್ಲಿ ಹೌಹಾರಿದವನು ಆ ಹಲ್ಲಿಗೆ ಸುಮ್ನಿದ್ದ. ಎಕ್ಸ್‌ರೇಯಲ್ಲಿ ಬೇರಿನ ತುದಿಗೆ ಸಣ್ಣ ಕಪ್ಪು ನೆರಳು. ನರ ಸತ್ತು ವರ್ಷಗಳೇ ಆಗಿವೆ. ಕೇಳಿದರೆ ಮೊದಲು ಏನೂ ನೆನಪಿಲ್ಲ ಅಂದ. ಆಮೇಲೆ, "ಎಂಟನೇ ಕ್ಲಾಸಲ್ಲಿ ಹಾಸ್ಟೆಲ್ ನೀರಿನ ತೊಟ್ಟಿ ಹತ್ರ ಜಾರಿ ಬಿದ್ದಿದ್ದೆ. ತುಟಿ ಊದಿತ್ತು. ಎರಡು ದಿನ ಬಿಟ್ಟು ಸರಿ ಹೋಯ್ತು." ಪೆಟ್ಟು ಬಿದ್ದ ಹಲ್ಲಿನ ಒಳಗೆ ರಕ್ತ ಇಳಿದು, ನರ ಸತ್ತು, ಅದರ ಬಣ್ಣ ಹಲ್ಲಿನ ಒಳಪದರಕ್ಕೆ ಹಿಡಿದಿತ್ತು. ಹೊರಗಿನಿಂದ ಎಷ್ಟು ಜೆಲ್ ಹಚ್ಚಿದರೂ ಅಷ್ಟು ಸುಲಭಕ್ಕೆ ಹೋಗುವಂಥದ್ದಲ್ಲ. ಬಣ್ಣದ ಮಾತು ಹಾಗಿರಲಿ, ಬೇರಿನ ತುದಿಯ ಸೋಂಕಿಗೆ ಚಿಕಿತ್ಸೆ ಬೇಕೇ ಬೇಕಿತ್ತು. ಬ್ಲೀಚಿಂಗ್‌ಗೆ ಮೊದಲು ಮುಂದಿನ ಹಲ್ಲುಗಳ ಎಕ್ಸ್‌ರೇ ತೆಗೆದಿದ್ದರೆ ಇದು ಮೊದಲ ದಿನವೇ ಸಿಗುತ್ತಿತ್ತು. ಹುಳುಕಿಗೆಂದು ದವಡೆಯ ಎಕ್ಸ್‌ರೇ ಮಾತ್ರ ತೆಗೆದಿದ್ದೆ.

ತಪ್ಪು ನನ್ನದು ಅಂತ ಅವನಿಗೆ ನೇರವಾಗಿ ಹೇಳಿದೆ. ಕೋಪ ಮಾಡಿಕೊಳ್ಳಲಿಲ್ಲ. ದಸರಾ ಒಳಗೆ ಮುಗಿಯುತ್ತಾ ಅಂತ ಮಾತ್ರ ಕೇಳಿದ. ದಸರಾ ಸಮಯದಲ್ಲಿ ಸೀರೆ ಅಂಗಡಿಯವನಿಗೆ ತಲೆ ಕೆರೆಯಲೂ ಪುರುಸೊತ್ತಿರುವುದಿಲ್ಲ.

ಎರಡು ಭೇಟಿಯಲ್ಲಿ ರೂಟ್ ಕೆನಾಲ್ ಮುಗಿಸಿದೆ. ಆ ಹಲ್ಲಿಗೆ ಕ್ಯಾಪ್ ಹಾಕುವ ಯೋಚನೆ ಬಂತು, ಬಿಟ್ಟೆ. ಹಲ್ಲು ಮುರಿದಿರಲಿಲ್ಲ, ಬಣ್ಣ ಮಾತ್ರ ಕೆಟ್ಟಿತ್ತು. ಇಂಥದಕ್ಕೆ ಒಳಗಿನಿಂದ ಬ್ಲೀಚ್ ಮಾಡಬಹುದು. ಬೇರಿನ ತುಂಬುವಿಕೆಯ ಮೇಲೆ ಎರಡು ಮಿಲಿಮೀಟರ್ ಸಿಮೆಂಟಿನ ಅಡ್ಡಗೋಡೆ ಹಾಕಿ, ಹಲ್ಲಿನ ಹಿಂಬದಿಯ ತೂತಿನಿಂದ ಸೋಡಿಯಂ ಪರ್ಬೊರೇಟ್ ಪುಡಿಯನ್ನು ನೀರಲ್ಲಿ ಒದ್ದೆ ಮರಳಿನ ಹದಕ್ಕೆ ಕಲಸಿ ಒಳಗಿಟ್ಟು ಮುಚ್ಚುವುದು. ಅದು ಒಳಗೇ ಕೆಲಸ ಮಾಡುತ್ತದೆ, ಇವನು ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುತ್ತಾ ಇರಬಹುದು. ಅಡ್ಡಗೋಡೆ ಸರಿಯಾಗಿ ಕೂರದಿದ್ದರೆ ಔಷಧಿ ಬೇರಿನ ಕುತ್ತಿಗೆಗೆ ಸೋರಿ, ವರ್ಷಗಳಾದ ಮೇಲೆ ಬೇರು ಕರಗುವ ಅಪಾಯ ಇದೆ. ಅಪರೂಪ, ಆದರೆ ಇದೆ. ಅದಕ್ಕೇ ಪರ್ಬೊರೇಟನ್ನು ಗಟ್ಟಿ ಪೆರಾಕ್ಸೈಡ್ ಬದಲು ಬರೀ ನೀರಲ್ಲಿ ಕಲಸಿದೆ, ಬಿಸಿ ಕೊಡಲಿಲ್ಲ. ವರ್ಷಕ್ಕೊಮ್ಮೆ ಎಕ್ಸ್‌ರೇ ಅಂತ ಬರೆದುಕೊಟ್ಟೆ. ಈ ಸಲ ಅಪಾಯ, ಕಾಯುವ ದಿನ, ಆಗಬಹುದಾದ ನಿರಾಸೆ, ಎಲ್ಲ ಮೊದಲೇ ಹೇಳಿದೆ. ಅವ್ವನಿಗೂ ಫೋನಲ್ಲಿ ಹೇಳಿದೆ.

ವಾರಕ್ಕೊಂದರಂತೆ ಮೂರು ಸಲ ಪುಡಿ ಬದಲಿಸಿದೆ. ಮೊದಲ ಸಲ ಏನೂ ಕಾಣಲಿಲ್ಲ. ಎರಡನೇ ಸಲಕ್ಕೆ ಬೂದು ತಿಳಿಯಾಯಿತು. ಮೂರನೇ ಸಲಕ್ಕೆ ಪಕ್ಕದ ಹಲ್ಲಿಗಿಂತ ಒಂದು ಕೂದಲೆಳೆ ಹೆಚ್ಚು ಬೆಳ್ಳಗಿತ್ತು. ಆಮೇಲೆ ಸ್ವಲ್ಪ ಇಳಿಯುತ್ತದೆ ಅಂತ ಗೊತ್ತಿದ್ದರಿಂದ ಅಲ್ಲಿಗೇ ಬಿಟ್ಟೆ. ಹಿಂಬದಿಯ ತೂತನ್ನು ತಕ್ಷಣ ಶಾಶ್ವತವಾಗಿ ಮುಚ್ಚಲಿಲ್ಲ. ಬ್ಲೀಚ್ ಆದ ಹಲ್ಲಿನೊಳಗೆ ಉಳಿದ ಆಮ್ಲಜನಕ ಹಲ್ಲಿನ ಬಣ್ಣದ ಫಿಲ್ಲಿಂಗ್ ಸರಿಯಾಗಿ ಅಂಟಲು ಬಿಡುವುದಿಲ್ಲ. ಎರಡು ವಾರ ಕಾಯಬೇಕು. ಜಂಬೂಸವಾರಿ ಮುಗಿದ ಮೇಲೆ ಬಾ ಅಂದೆ.

ಎಲ್ಲಿ ನಿಲ್ಲಿಸುವುದು

ದಸರಾ ಮುಗಿಸಿ ಬಂದ. ಮೀಸೆ ಕತ್ತರಿಸಿದ್ದ. ನಾನು ಮೊದಲು ಗಮನಿಸಿದ್ದು ಅದನ್ನೇ.

ಫಿಲ್ಲಿಂಗ್ ಹಾಕಿ ದೀಪದ ಕೆಳಗೆ ನೋಡಿದರೆ ಬಲಗಡೆಯ ದೊಡ್ಡ ಹಲ್ಲಲ್ಲಿ ಎರಡು ಬಿಳಿ ಗೆರೆ ಇನ್ನೂ ಇದ್ದವು. ನನಗೆ ಅವು ಚುಚ್ಚುತ್ತಿದ್ದವು. ಇವಕ್ಕೂ ದಾರಿ ಇದೆ. ಮೇಲ್ಪದರವನ್ನು ಆಮ್ಲದಿಂದ ತೆರೆದು, ತೆಳುವಾದ ರೆಸಿನ್ ದ್ರವವನ್ನು ಎನಾಮಲ್ಲಿನ ತೂತಿಗೆ ಇಳಿಸಿದರೆ ಬೆಳಕು ಚದುರುವುದು ಕಡಿಮೆಯಾಗಿ ಗೆರೆ ಮರೆಯಾಗುತ್ತದೆ. ತೇಯುವ ಕೆಲಸ ಇಲ್ಲ. ಔಷಧಿ ದುಬಾರಿ, ಆದರೆ ಅಷ್ಟರಲ್ಲಿ ನನಗೆ ಅವನ ಮೇಲೆ ಅಕ್ಕರೆ ಬಂದಿತ್ತು, ಖರ್ಚು ನೋಡೋಣ ಬಿಡು ಅಂದೆ.

ಕನ್ನಡಿ ತೆಗೆದುಕೊಂಡು ಬಹಳ ಹೊತ್ತು ನೋಡಿದ.

"ಇದನ್ನ ನೋಡಿ ಯಾರಾದ್ರೂ ಕಡ್ಡಿಪುಡಿ ಅಂತಾರಾ ಮೇಡಂ?"

ಇಲ್ಲ ಅಂದೆ.

"ಹಂಗಾದ್ರೆ ಸಾಕು."

ನನ್ನ ಕೈ ಇನ್ನೂ ಶೇಡ್ ಗೈಡ್ ಮೇಲೇ ಇತ್ತು. ಎ3.5ರಿಂದ ಎ1ಕ್ಕೆ ಬಂದಿದ್ದೆವು. ಆ ಎರಡು ಗೆರೆಯನ್ನು ತೆಗೆಯುವ ಆಸೆ ನನ್ನದಾಗಿತ್ತು, ಅವನದ್ದಾಗಿರಲಿಲ್ಲ. ಮೊದಲ ದಿನ ಯಾಕೆ ಬೇಕು ಅಂತ ಕೇಳಿದ್ದರೆ ನಾವು ಬಹುಶಃ ಬ್ಲೀಚಿಂಗನ್ನು ಇನ್ನೂ ಬೇಗ ನಿಲ್ಲಿಸುತ್ತಿದ್ದೆವು. ಕಂದು ಮತ್ತು ಬೂದು ಹೋದರೆ ಅವನ ಕೆಲಸ ಮುಗಿದಿತ್ತು, ಬಿಳಿ ಗೆರೆ ಅವನನ್ನು ಎಂದೂ ಕಾಡಿರಲಿಲ್ಲ. ಅವನ ಊರಲ್ಲಿ ಅದು ಎಲ್ಲರಿಗೂ ಇದೆ. ಬ್ಲೀಚಿಂಗ್ ಬಗ್ಗೆ ನಮ್ಮ ಚರ್ಚೆಗಳಲ್ಲೆಲ್ಲ ಶೇಡ್ ಎಷ್ಟು ಇಳಿಯಿತು ಅನ್ನೋದೇ ಮಾತು. ಈಗ ನಾನು ಕಾರ್ಡಿನ ಮೇಲ್ಗಡೆ ಇನ್ನೊಂದು ಸಾಲು ಸೇರಿಸಿದ್ದೇನೆ. ಯಾರು ಏನಂದರು, ಯಾವಾಗ ಅಂದರು ಅಂತ ಕೇಳಿ ಬರೆಯುತ್ತೇನೆ. ಕೆಲವರು ಅದಕ್ಕೆ ಉತ್ತರ ಹೇಳಿ ಚಿಕಿತ್ಸೆಯೇ ಬೇಡ ಅಂತ ಎದ್ದು ಹೋಗಿದ್ದೂ ಇದೆ.

ಆರು ತಿಂಗಳಿಗೆ ಬಂದಾಗ ಬಿಳುಪು ಸ್ವಲ್ಪ ಇಳಿದಿತ್ತು. ಅದು ಸಹಜ. ಹಳೇ ಟ್ರೇಯಲ್ಲೇ ನಾಲ್ಕು ರಾತ್ರಿ ಜೆಲ್ ಹಾಕಿಕೊಂಡ. ಮೊದಲು ಬೂದಾಗಿದ್ದ ಹಲ್ಲಿನ ಬಿಳುಪು ಹಾಗೇ ನಿಂತಿತ್ತು, ಎಕ್ಸ್‌ರೇಯಲ್ಲಿ ಬೇರಿನ ತುದಿಯ ನೆರಳು ಚಿಕ್ಕದಾಗಿತ್ತು. ಮದುವೆ ವಿಷಯ ಕೇಳಲಿಲ್ಲ. ಅವನೂ ಹೇಳಲಿಲ್ಲ.

ಅವತ್ತು ಅವ್ವನೂ ಬಂದಿದ್ದರು, ಜೊತೆಗೆ ನಾಲ್ಕು ವರ್ಷದ ಮೊಮ್ಮಗ. ಸೋಮುವಿನ ಅಣ್ಣನ ಮಗ, ಊರಲ್ಲೇ ಇರುವವನು. ಹುಡುಗನ ಬಾಯಿ ತೆರೆಸಿ, "ಇವನ್ಗೂ ಏನಾರ ಹಚ್ಚಿ ಈಗ್ಲೇ ಬೆಳ್ಳಗೆ ಮಾಡ್ಬುಡವ್ವ" ಅಂದರು. ಹಾಲುಹಲ್ಲು ಮುತ್ತಿನ ಹಾಗಿದ್ದವು. ಹಾಲುಹಲ್ಲಿನ ಮೇಲೆ ಫ್ಲೋರೋಸಿಸ್ ಅಷ್ಟಾಗಿ ಕಾಣುವುದಿಲ್ಲ. ದೊಡ್ಡ ಹಲ್ಲುಗಳು ಆ ವಸಡಿನ ಒಳಗೆ ಈಗ ತಯಾರಾಗುತ್ತಿವೆ ಅಂತ ಹೇಳಿದೆ. ಹಚ್ಚುವ ಔಷಧಿ ಯಾವುದೂ ಇಲ್ಲ, ಕುಡಿಯುವ ನೀರು ಬದಲಿಸಬೇಕು ಅಷ್ಟೇ.

"ಕಾಯ್ಸಿ ಆರ್ಸಿ ಕೊಡ್ತೀವಿ" ಅಂದರು.

ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಅದು ಇನ್ನೂ ಗಟ್ಟಿಯಾಗುತ್ತದೆ ಅಂದೆ. ಮಾಮೂಲಿ ಕ್ಯಾಂಡಲ್ ಫಿಲ್ಟರಿಗೂ ಸಿಗುವುದಿಲ್ಲ. ಊರಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಇಲ್ವಾ ಅಂತ ಕೇಳಿದೆ.

"ಅದೆ ಕನವ್ವ. ಕೆಟ್ಟೋಗಿ ಮೂರು ತಿಂಗ್ಳಾಯ್ತು. ಅಲ್ಲೀಗಂಟ ಬೋರ್ ನೀರೇಯ."

ಹುಡುಗ ಕುರ್ಚಿಯ ಪಕ್ಕದ ಬಟ್ಟಲಿಗೆ ಉಗುಳಿ ಉಗುಳಿ ನೀರು ಬರೋದನ್ನು ನೋಡುತ್ತಿದ್ದ. ಮೈಸೂರಿನ ನಲ್ಲಿ ನೀರು, ಕಾವೇರಿದು. ಸೋಮು ಅಂಗಡಿಗೆ ಹೊರಡುವ ಮೊದಲು ನನ್ನ ಹತ್ತಿರ ಬಂದು, 20 ಲೀಟರಿನ ಕ್ಯಾನ್ ನಾಗಮಂಗಲದ ಬಸ್ಸಲ್ಲಿ ಹಾಕಿಕೊಳ್ಳುತ್ತಾರಾ ಅಂತ ಕೇಳಿದ.